ಅಟ್ಟದ ಮೇಲಿನ ಸಿಪಿಯು ಟೀವಿ ಕೆಳಗೆ ಬರಬಹುದಾ?

ಹಳೇ ಕಂಪ್ಯೂಟರನ್ನ ಗುಜರಿಗೆ ಹಾಕೋ ಮುಂಚೆ ಹಾರ್ಡ್‌ಡಿಸ್ಕ್ ಹೇಗೆ ಅಳಿಸ್ಬೇಕು ಅಂತ ಹೋದ ತಿಂಗಳು ಬರೆದಿದ್ವಿ. ಅದಕ್ಕೆ ಬಂದ ಪತ್ರಗಳಲ್ಲಿ ಬಹಳ ಜನ ಕೇಳಿರೋದು ಬೇರೇನೇ. ಗುಜರಿಗೆ ಯಾಕೆ ಹಾಕ್ಬೇಕು, ಟೀವಿಗೆ ತಗುಲಿಸಿ ಎಚ್‌ಡಿ ಸಿನಿಮಾ ನೋಡೋಕಾಗಲ್ವಾ ಅಂತ. ಆಗುತ್ತೆ, ಆದ್ರೆ ಎಲ್ಲರಿಗೂ ಒಂದೇ ಥರ ಆಗಲ್ಲ. ಈ ಸಲದ ಪುಟ ಪೂರ್ತಿ ಅದಕ್ಕೇ ಬಿಟ್ಟಿದ್ದೀವಿ.

ಪ್ರಶ್ನೆ: 2009ರಲ್ಲಿ ಮಗನ ಓದಿಗೆ ಅಂತ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಕೋರ್ 2 ಡ್ಯುಯೊ ಇ7500, ಜಿ31 ಬೋರ್ಡು, 2 ಜಿಬಿ ರ‍್ಯಾಮ್, ವಿಂಡೋಸ್ 7. ಆನ್ ಆಗುತ್ತೆ, ಯಾರೂ ಮುಟ್ಟಲ್ಲ ಅಷ್ಟೆ. ಈಗ ಮನೆಗೆ 43 ಇಂಚಿನ ಫುಲ್ ಎಚ್‌ಡಿ ಟೀವಿ ಬಂದಿದೆ. ಮಗ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಲ್ಲಿ ಬಿಟ್ಟುಹೋದ ಸಿನಿಮಾ, ಮನೆ ಫಂಕ್ಷನ್ ವಿಡಿಯೋ ಎಲ್ಲ ಅದ್ರಲ್ಲಿ ನೋಡ್ಬೇಕು ಅಂತ ನಮ್ಮಿಬ್ಬರ ಆಸೆ. ಅಂಗಡಿಯವ್ರು 'ಇದು ಎಚ್‌ಡಿಗೆಲ್ಲ ಆಗಲ್ಲ ಸಾರ್, ಹೊಸದು ತಗೊಳ್ಳಿ' ಅಂತಾರೆ. ನಿಜಾನಾ?
— ನಿವೃತ್ತ ಮೇಷ್ಟ್ರು, ಸಾಗರ

ಉತ್ತರ: ಅಂಗಡಿಯವ್ರು ಹೇಳಿದ್ದು ಅರ್ಧ ನಿಜ ಮೇಷ್ಟ್ರೇ. ಉಳಿದರ್ಧ ಗೊತ್ತಾಗ್ಬೇಕು ಅಂದ್ರೆ ಕಂಪ್ಯೂಟರ್ ಬಿಚ್ಚಿ ನೋಡೋದಲ್ಲ, ನಿಮ್ಮ ಹಾರ್ಡ್‌ಡಿಸ್ಕಲ್ಲಿರೋ ಫೈಲ್‌ಗಳನ್ನ ನೋಡ್ಬೇಕು.

ಮೊದ್ಲು ಆ ಹಾರ್ಡ್‌ಡಿಸ್ಕನ್ನ ನೇರವಾಗಿ ಟೀವಿ ಹಿಂದಿನ ಯುಎಸ್‌ಬಿಗೇ ಹಾಕಿ. ಎಲ್ಲಾ ಚೆನ್ನಾಗಿ ಓಡಿದ್ರೆ ಅಲ್ಲಿಗೆ ಮುಗೀತು, ಒಂದು ರೂಪಾಯೀನೂ ಖರ್ಚು ಬೇಡ, ಮುಂದಕ್ಕೆ ಓದೋದೂ ಬೇಡ. ಆದ್ರೆ ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಕೆಲವು ಫೈಲ್ ಓಡುತ್ತೆ, ಕೆಲವಕ್ಕೆ 'ಫಾರ್ಮ್ಯಾಟ್ ನಾಟ್ ಸಪೋರ್ಟೆಡ್' ಅಂತ ಬರುತ್ತೆ, ಇನ್ನು ಕೆಲವು ಚಿತ್ರ ಬಂದು ಸೌಂಡೇ ಬರಲ್ಲ. ಈ ಸೌಂಡ್ ಬರದೇ ಇರೋದಕ್ಕೆ ಬಹಳ ಸಲ ಡಿಟಿಎಸ್ ಆಡಿಯೋ ಕಾರಣ. ಲೈಸೆನ್ಸ್ ದುಡ್ಡು ಉಳಿಸೋಕೆ ಕೆಲವು ಟೀವಿ ಕಂಪನಿಗಳು ಅದನ್ನ ಕೈಬಿಟ್ಟಿವೆ. ಇಂಥ ಕಡೆ ನಿಮ್ಮ ಹಳೇ ಪಿಸಿ ಟೀವಿಗಿಂತ ವಾಸಿ, ಯಾಕಂದ್ರೆ ವಿಎಲ್‌ಸಿ ಅನ್ನೋ ಫ್ರೀ ಪ್ಲೇಯರ್ ಹಾಕಿದ್ರೆ ಯಾವ ಆಡಿಯೋ ಆದ್ರೂ ಬಿಚ್ಚಿ ಕೊಡುತ್ತೆ.

ಈಗ ವಿಡಿಯೋ ವಿಷಯ. ವಿಎಲ್‌ಸಿಲಿ ಒಂದು ಫೈಲ್ ಓಪನ್ ಮಾಡಿ, ಟೂಲ್ಸ್ ಮೆನುಲಿ ಕೋಡೆಕ್ ಇನ್ಫರ್ಮೇಶನ್ ಒತ್ತಿ. ಕೋಡೆಕ್ ಅಂದ್ರೆ ವಿಡಿಯೋನ ಒತ್ತಿ ಚಿಕ್ಕದು ಮಾಡಿ ಇಡೋ ವಿಧಾನ. ಅಲ್ಲಿ ಎಚ್.264 ಅಂತ ಬಂದ್ರೆ ನಿರಾಳ. ಎಚ್.265 ಅಥವಾ ಎಚ್‌ಇವಿಸಿ ಅಂತ ಬಂದ್ರೆ ಯೋಚನೆ ಮಾಡ್ಬೇಕು. ಎಚ್.264 ಬಂದಿದ್ದು 2003ರಲ್ಲಿ, ಎಚ್‌ಇವಿಸಿ ಬಂದಿದ್ದು 2013ರಲ್ಲಿ, ಅಂದ್ರೆ ನಿಮ್ಮ ಪ್ರಾಸೆಸರ್ ಹುಟ್ಟಿದ ಎಷ್ಟೋ ವರ್ಷ ಆದ್ಮೇಲೆ. ಅದೇ ಬಟ್ಟೇನ ಇನ್ನೂ ಒತ್ತಿ ಮಡಚಿ ಅರ್ಧ ಸೈಜಿನ ಪೆಟ್ಟಿಗೆಗೆ ತುಂಬಿದ ಹಾಗೆ ಅದು, ಜಾಗ ಉಳಿಯುತ್ತೆ, ಬಿಚ್ಚೋವಾಗ ಮಾತ್ರ ಕೈ ಸೋಲುತ್ತೆ. 2.93 ಗಿಗಾಹರ್ಟ್ಸ್‌ನ ಇ7500 ಒಂದು 1080ಪಿ (ಅಂದ್ರೆ ಫುಲ್ ಎಚ್‌ಡಿ) ಎಚ್.264 ಸಿನಿಮಾನ ಬರೀ ತನ್ನ ಬಲದ ಮೇಲೆ, ಯಾವ ಗ್ರಾಫಿಕ್ಸ್ ಕಾರ್ಡ್ ಸಹಾಯ ಇಲ್ದೇ ಓಡಿಸುತ್ತೆ. ಹಿಂದೆ ಬೇರೆ ಯಾವ ಪ್ರೋಗ್ರಾಮೂ ಓಡ್ತಿರಬಾರದು ಅಷ್ಟೆ, ಮುಖ್ಯವಾಗಿ ಆಂಟಿವೈರಸ್ ಸ್ಕ್ಯಾನು. 1080ಪಿ ಎಚ್‌ಇವಿಸಿ ಅಂದ್ರೆ ತಡವರಿಸುತ್ತೆ, ಬಣ್ಣದ ವಿವರ ಜಾಸ್ತಿ ಇರೋ 10 ಬಿಟ್ ಫೈಲ್ ಇದ್ರೆ ಕೈಚೆಲ್ಲುತ್ತೆ, 4ಕೆ ಅಂತೂ ಕೇಳ್ಲೇಬೇಡಿ.

ಎಚ್‌ಇವಿಸಿ ಫೈಲ್ ಜಾಸ್ತಿ ಇದ್ರೆ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕು, ಆ ಬಿಚ್ಚೋ ಕೆಲಸ ಪೂರ್ತಿ ಅದೇ ವಹಿಸ್ಕೊಳ್ಳುತ್ತೆ, ಪ್ರಾಸೆಸರ್ ಆರಾಮಾಗಿ ಕೂತಿರುತ್ತೆ. ಇಲ್ಲಿ ಜನ ಮೋಸ ಹೋಗ್ತಾರೆ. ಅಂಗಡೀಲಿ ಕಮ್ಮಿ ಬೆಲೆಗೆ ಅಂತ ಎನ್‌ವಿಡಿಯಾ ಕಂಪನಿಯ ಜಿಟಿ 710 ಕೊಡ್ತಾರೆ, 2 ಜಿಬಿ ಇದೆ ಸಾರ್ ಅಂತಾರೆ. ಜಿಟಿ 710 ಎಚ್.264 ಮಾತ್ರ ಬಿಚ್ಚುತ್ತೆ, ಎಚ್‌ಇವಿಸಿ ಅದಕ್ಕೆ ಗೊತ್ತೇ ಇಲ್ಲ. ಕಾರ್ಡಿನ ಜಿಬಿ ಎಷ್ಟು ಅನ್ನೋದಕ್ಕೂ ಸಿನಿಮಾ ಓಡೋದಕ್ಕೂ ಏನೂ ಸಂಬಂಧ ಇಲ್ಲ. ನಿಮಗೆ ಬೇಕಿರೋದು ಜಿಟಿ 1030 ಥರದ್ದು, 2017ರಲ್ಲಿ ಬಂದಿದ್ದು, 10 ಬಿಟ್ ಎಚ್‌ಇವಿಸಿನೂ ಓಡಿಸುತ್ತೆ, 30 ವ್ಯಾಟ್ ಅಷ್ಟೇ ಎಳೆಯೋದ್ರಿಂದ ಹಳೇ ಎಸ್‌ಎಂಪಿಎಸ್ (ಒಳಗಿನ ಪವರ್ ಸಪ್ಲೈ ಡಬ್ಬಿ) ಬದಲಾಯಿಸಬೇಕಿಲ್ಲ, ಫ್ಯಾನ್ ಇಲ್ದೇ ಇರೋ ಮಾಡೆಲ್ಲೂ ಸಿಗುತ್ತೆ. ಎಎಂಡಿ ಬೇಕು ಅನ್ನೋವ್ರಿಗೆ ಆರ್‌ಎಕ್ಸ್ 550. ಬೆಂಗಳೂರಿಗೆ ಯಾರಾದ್ರೂ ಹೋಗೋವ್ರಿದ್ರೆ ಎಸ್.ಪಿ. ರೋಡಲ್ಲಿ ಸೆಕೆಂಡ್‌ಹ್ಯಾಂಡ್ ಹುಡುಕಿಸಿ. ಹಳೇ ಬೋರ್ಡಲ್ಲಿ ಬೂಟ್ ಆಗ್ಲಿಲ್ಲ ಅಂದ್ರೆ ವಾಪಸ್ ತಗೋತೀರಾ ಅಂತ ಬಾಯಿಬಿಟ್ಟು ಕೇಳ್ಬೇಕು. ಕಾರ್ಡಿನ ಬೆಲೆ ಒಂದು ಹಳೇ ಆಫೀಸ್ ಪಿಸಿ ಬೆಲೆಗೆ ಹತ್ತಿರ ಬಂತು ಅಂದ್ರೆ ಕಾರ್ಡ್ ಬಿಟ್ಟು ಪಿಸಿನೇ ತಗೊಳ್ಳಿ, ಅದ್ರ ಲೆಕ್ಕ ಮುಂದಿನ ಉತ್ತರದಲ್ಲಿದೆ.

ರ‍್ಯಾಮು 4 ಜಿಬಿ ಮಾಡ್ಸಿ, ಜಿ31 ಬೋರ್ಡು ಅದಕ್ಕಿಂತ ಜಾಸ್ತಿ ತಗೊಳ್ಳಲ್ಲ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಒಂದು ಚಿಕ್ಕ ಎಸ್‌ಎಸ್‌ಡಿ ಹಾಕಿದ್ರೆ ಆನ್ ಮಾಡಿ ಕಾಯೋದು ತಪ್ಪುತ್ತೆ, ಸಿನಿಮಾ ಓಡೋದಕ್ಕೆ ಅದ್ರಿಂದ ವ್ಯತ್ಯಾಸ ಏನಿಲ್ಲ. ಟೀವಿ ಥರಾನೇ ರಿಮೋಟಲ್ಲಿ ಪೋಸ್ಟರ್ ನೋಡ್ಕೊಂಡು ಸಿನಿಮಾ ಆರಿಸ್ಬೇಕು ಅಂದ್ರೆ ಕೋಡಿ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಮೊದ್ಲು ಎಕ್ಸ್‌ಬಿಎಂಸಿ ಅಂತಿದ್ರು, 2014ರಿಂದ ಈ ಹೆಸರು. ಆದ್ರೆ ಜಿ31ರ ಆನ್‌ಬೋರ್ಡ್ ಗ್ರಾಫಿಕ್ಸ್ ಮೇಲೆ ಈಗಿನ ಕೋಡಿ ಓಡಲ್ಲ, ವಿಂಡೋಸ್ 7ರಲ್ಲೂ ಓಡಲ್ಲ, ಕಾರ್ಡ್ ಮತ್ತೆ ವಿಂಡೋಸ್ 10 ಹಾಕಿದ್ರೆ ಮಾತ್ರ. ಇಲ್ಲ ಅಂದ್ರೆ ವಿಎಲ್‌ಸಿಲೇ ಇರಿ, ಏನೂ ನಷ್ಟ ಇಲ್ಲ.

ಆನ್ ಮಾಡೋ ಮುಂಚೆ ಒಂದ್ಸಲ ಪಕ್ಕದ ಪ್ಲೇಟ್ ಬಿಚ್ಚಿ ಧೂಳು ತೆಗೀರಿ, ಪ್ರಾಸೆಸರ್ ಫ್ಯಾನ್ ಕೆಳಗಿನ ಥರ್ಮಲ್ ಪೇಸ್ಟ್ ಒಣಗಿ ಹೋಗಿರುತ್ತೆ, ಹೊಸದು ಹಚ್ಚಿಸಿ. ಬೋರ್ಡ್ ಮೇಲಿನ ಸಣ್ಣ ಸಣ್ಣ ಡಬ್ಬಿಗಳಂಥ ಕೆಪಾಸಿಟರ್‌ಗಳ ತಲೆ ಉಬ್ಬಿದ್ರೆ ಮಾತ್ರ ಆ ಬೋರ್ಡಿಗೆ ದುಡ್ಡು ಹಾಕ್ಬೇಡಿ. ತಾರೀಖು ಪ್ರತೀ ಸಲ ಹಿಂದಕ್ಕೆ ಹೋಗ್ತಿದ್ರೆ ಸಿಆರ್2032 ಬ್ಯಾಟರಿ ಹೋಗಿದೆ ಅಂತ. ವಾಚ್ ಅಂಗಡೀಲೂ ಸಿಗುತ್ತೆ.

ಪ್ರಶ್ನೆ: ಸರ್ರ, ನಮ್ಮ ಮಗಳು ಅಮೇರಿಕಾದಾಗ ಅದಾಳ್ರಿ. ಮೊಮ್ಮಗನ ವಿಡಿಯೋ ಐಫೋನ್‌ನ್ಯಾಗ ತಗದು ಗೂಗಲ್ ಡ್ರೈವಿಗೆ ಹಾಕ್ತಾಳ. ಟೀವಿಗೆ ಹಚ್ಚಿದ ಹಳೇ ಕಂಪ್ಯೂಟರ್‌ದಾಗ ನೋಡಿದ್ರ ದನಿ ಚಲೋ ಬರ್ತೈತಿ, ಚಿತ್ರ ಮಾತ್ರ ನಿಂತು ನಿಂತು ಹೊಂಟೈತಿ. ಬಣ್ಣಾನೂ ತೊಳದಂಗ ಬೆಳ್ಳಗ ಕಾಣ್ತಾವ. ವಾಟ್ಸಾಪ್‌ನ್ಯಾಗ ಕಳಿಸಿದ್ದು ಮಾತ್ರ ಛಲೋ ಓಡ್ತಾವ. ಕಂಪ್ಯೂಟರ್ ಐ5 ಎರಡನೇ ಜನರೇಶನ್, 8 ಜಿಬಿ ರ‍್ಯಾಮ್ ಐತಿ, ಅಷ್ಟೇನ ಕಡಿಮಿ ಅಲ್ರಿ ಅದು.
— ಹುಬ್ಬಳ್ಳಿಯ ಅಜ್ಜ

ಉತ್ತರ: ಕಂಪ್ಯೂಟರ್ ಕಡಿಮೆ ಅಲ್ವೇ ಅಲ್ಲ ಅಜ್ಜಾರ, ಫೋನು ಜಾಸ್ತಿ ಆಗಿದೆ. 2017ರ ಐಒಎಸ್ 11ರಿಂದ ಈಚೆಗೆ ಐಫೋನು ನಾವು ಸೆಟಿಂಗ್ ಬದಲಾಯಿಸದಿದ್ರೆ ತಾನಾಗೇ ಎಚ್‌ಇವಿಸಿಲಿ ಶೂಟ್ ಮಾಡುತ್ತೆ. ನಿಮ್ಮ ಮಗಳು 4ಕೆ, 60 ಫ್ರೇಮಲ್ಲಿ ಇಟ್ಟಿದ್ದಾಳೆ ಅಂತ ಕಾಣುತ್ತೆ. ಎರಡನೇ ಜನರೇಶನ್ ಐ5 ಬಂದಿದ್ದು 2011ರಲ್ಲಿ, ಅದ್ರೊಳಗಿನ ಗ್ರಾಫಿಕ್ಸಿಗೆ ಎಚ್.264 ಬಿಚ್ಚೋಕೆ ಬರುತ್ತೆ, ಎಚ್‌ಇವಿಸಿ ಬರಲ್ಲ, ಹಾಗಾಗಿ ಪ್ರಾಸೆಸರ್ ಒಂದೇ ಏದುಸಿರು ಬಿಡ್ತಾ ಓಡ್ಬೇಕು. 1080ಪಿ ಇದ್ದಿದ್ರೆ ನಾಲ್ಕು ಕೋರ್ ಸೇರಿ ಎಳೆದುಬಿಡ್ತಿದ್ವು, 4ಕೆ 60 ಅಂದ್ರೆ ಆಗಲ್ಲ. ವಾಟ್ಸಾಪಲ್ಲಿ ಬಂದಿದ್ದು ಓಡೋದು ಯಾಕೆ ಅಂದ್ರೆ ಅದು ಕಳಿಸೋವಾಗ್ಲೇ ಕುಗ್ಗಿಸಿ ಎಚ್.264 ಮಾಡಿರುತ್ತೆ, ಜೊತೆಗೆ ಮೊಮ್ಮಗನ ಮುಖಾನೂ ಮಬ್ಬು ಮಾಡಿರುತ್ತೆ.

ಬಣ್ಣ ಬೆಳ್ಳಗಾಗೋದು ಎಚ್‌ಡಿಆರ್‌ನಿಂದ, ಅಂದ್ರೆ ಹೊಳಪು, ಬಣ್ಣ ಜಾಸ್ತಿ ಹಿಡಿಯೋ ವಿಡಿಯೋ ಪದ್ಧತಿಯಿಂದ. ಐಫೋನ್ 12ರಿಂದ ಈಚೆ ವಿಡಿಯೋ ಎಚ್‌ಡಿಆರಲ್ಲಿ ಬರುತ್ತೆ, ಸಾದಾ ಟೀವಿಗೆ ತಕ್ಕ ಹಾಗೆ ಅದನ್ನ ಇಳಿಸಿಕೊಡೋ ಪ್ಲೇಯರ್ ಇಲ್ಲದಿದ್ರೆ ಹೀಗೆ ತೊಳೆದಂಗೆ ಕಾಣುತ್ತೆ.

ಖರ್ಚಿಲ್ಲದ ದಾರಿ: ಮಗಳಿಗೆ ಫೋನ್ ಮಾಡಿ, ಸೆಟಿಂಗ್ಸಲ್ಲಿ ಕ್ಯಾಮೆರಾ, ಅದ್ರೊಳಗೆ ಫಾರ್ಮ್ಯಾಟ್ಸ್, ಅಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಅಂತ ಇಡೋಕೆ ಹೇಳಿ. ಹಾಗೇ ರೆಕಾರ್ಡ್ ವಿಡಿಯೋಲಿ 1080ಪಿ, 30 ಇಟ್ಟು ಎಚ್‌ಡಿಆರ್ ವಿಡಿಯೋ ಆಫ್ ಮಾಡ್ಲಿ. ನಿಮ್ಮ ಟೀವಿ ಫುಲ್ ಎಚ್‌ಡಿ ಆಗಿದ್ರೆ ಇದಕ್ಕಿಂತ ಜಾಸ್ತಿ ಅದ್ರಲ್ಲಿ ಕಾಣೋದೂ ಇಲ್ಲ. ಆದ್ರೆ ಮಗಳು 'ಅಪ್ಪಾ, ಮುಂದೆ ದೊಡ್ಡ ಟೀವಿ ಬಂದಾಗ ಬೇಕಾಗುತ್ತೆ, ನಾನು 4ಕೆಲೇ ತೆಗೀತೀನಿ' ಅಂದ್ರೆ ಅವಳ ಮಾತಲ್ಲೂ ನ್ಯಾಯ ಇದೆ, ಮಗು ಮತ್ತೆ ಅಷ್ಟು ಚಿಕ್ಕದಾಗಲ್ಲವಲ್ಲ. ಆಗ ಒರಿಜಿನಲ್ ಹಾಗೇ ಇಟ್ಕೊಂಡು, ಹ್ಯಾಂಡ್‌ಬ್ರೇಕ್ ಅನ್ನೋ ಫ್ರೀ ಪ್ರೋಗ್ರಾಮಲ್ಲಿ ನೋಡೋಕೆ ಅಂತ ಬೇರೆ ಒಂದು 1080ಪಿ ಎಚ್.264 ಕಾಪಿ ಮಾಡ್ಕೊಳ್ಳಿ. ನಿಮ್ಮ ಐ5 ನಿಧಾನ ಮಾಡುತ್ತೆ, ರಾತ್ರಿ ಹಚ್ಚಿ ಮಲಗಿದ್ರೆ ಬೆಳಗಾಗೋದ್ರೊಳಗೆ ಮುಗಿದಿರುತ್ತೆ.

ಖರ್ಚು ಮಾಡೋದಾದ್ರೆ ಹಿಂದೆ ಹೇಳಿದ ಜಿಟಿ 1030. ಅಥವಾ ಆಫೀಸುಗಳಿಂದ ಬರೋ ರಿಫರ್ಬಿಷ್ಡ್ ಡೆಸ್ಕ್‌ಟಾಪ್ ತಗೊಳ್ಳೋದಾದ್ರೆ ಜನರೇಶನ್ ನೋಡಿ ತಗೊಳ್ಳಿ. ಇಂಟೆಲ್‌ನಲ್ಲಿ ಆರನೇ ಜನರೇಶನ್ನಿಂದ ಸಾದಾ ಎಚ್‌ಇವಿಸಿ ಗ್ರಾಫಿಕ್ಸಲ್ಲೇ ಓಡುತ್ತೆ, 10 ಬಿಟ್ ಬೇಕು ಅಂದ್ರೆ ಏಳನೇ ಜನರೇಶನ್. ಏಳನೇ ಜನರೇಶನ್ ಐ3 ಸಿನಿಮಾ ವಿಷಯದಲ್ಲಿ ನಾಲ್ಕನೇ ಜನರೇಶನ್ ಐ7ನ ಸೋಲಿಸುತ್ತೆ. ಅಂಗಡಿಯವ್ರು ಐ7 ಅಂತ ಎಷ್ಟೇ ಹೊಗಳಿದ್ರೂ ಮೂರು, ಐದು, ಏಳು ನೋಡ್ಬೇಡಿ, ಅದ್ರ ಮುಂದೆ ಬರೋ ನಂಬರ್ ನೋಡಿ. 7100, 7500 ಅಂತ 7ರಿಂದ ಶುರುವಾಗಿರ್ಬೇಕು. ಇಂಥ ಪಿಸಿಗೆ ಗ್ರಾಫಿಕ್ಸ್ ಕಾರ್ಡೇ ಬೇಡ.

ಇನ್ನೊಂದು ಮಾತು, ವಿಂಡೋಸಿನ ಸ್ವಂತ ಪ್ಲೇಯರಲ್ಲಿ ಎಚ್‌ಇವಿಸಿ ಹಾಕಿದ್ರೆ 'ಎಕ್ಸ್‌ಟೆನ್ಷನ್ ಕೊಂಡುಕೊಳ್ಳಿ' ಅಂತ ಕೇಳುತ್ತೆ. ಕೊಡೋದು ಬೇಡ, ವಿಎಲ್‌ಸಿ ಸಾಕು.

ಪ್ರಶ್ನೆ: ನನ್ನ ಹಳೆ ಪಿಸಿಯಲ್ಲಿ ವಿಜಿಎ ಮಾತ್ರ ಉಂಟು, ಟೀವಿಯಲ್ಲಿ ಎಚ್‌ಡಿಎಂಐ ಮಾತ್ರ ಉಂಟು. ಒಂದು ಕನ್ವರ್ಟರ್ ತರಿಸಿದೆ ಮಾರಾಯ್ರೆ, ಎಂತ ಮಾಡಿದರೂ ನೋ ಸಿಗ್ನಲ್. ಹಾಳಾದದ್ದು ಕೊಟ್ಟಿರ್ಬಹುದಾ?
— ಉಡುಪಿಯಿಂದ

ಉತ್ತರ: ಹಾಳಾಗಿರೋದಕ್ಕಿಂತ ಉಲ್ಟಾ ಆಗಿರೋ ಸಾಧ್ಯತೆ ಜಾಸ್ತಿ. ಅಂಗಡೀಲಿ ಬಹುಪಾಲು ಸಿಗೋದು ಎಚ್‌ಡಿಎಂಐನಿಂದ ವಿಜಿಎಗೆ ಹೋಗೋದು, ಹೊಸ ಲ್ಯಾಪ್‌ಟಾಪನ್ನ ಹಳೇ ಪ್ರೊಜೆಕ್ಟರಿಗೆ ಹಾಕೋಕೆ. ನಿಮಗೆ ಬೇಕಿರೋದು ವಿಜಿಎಯಿಂದ ಎಚ್‌ಡಿಎಂಐಗೆ ಹೋಗೋದು. ಎರಡೂ ಬೇರೆ ಬೇರೆ, ತಿರುಗಿಸಿ ಹಾಕಿದ್ರೆ ಕೆಲಸ ಮಾಡಲ್ಲ. ಸರಿಯಾದ್ದರಲ್ಲಿ ಕರೆಂಟಿಗೆ ಒಂದು ಯುಎಸ್‌ಬಿ ವೈರು, ಸೌಂಡಿಗೆ ಒಂದು 3.5 ಎಂಎಂ ವೈರು ನೇತಾಡ್ತಾ ಇರುತ್ತೆ, ಯಾಕಂದ್ರೆ ವಿಜಿಎಲಿ ಸೌಂಡ್ ಹೋಗೋದೇ ಇಲ್ಲ. ಬೋರ್ಡ್ ಹಿಂದೆ ಡಿವಿಐ ಇದ್ದೋವ್ರು ಈ ಕಷ್ಟ ಪಡಬೇಕಿಲ್ಲ, ಡಿವಿಐ-ಡಿ ಆದ್ರೆ ಸಾದಾ ಕೇಬಲ್ಲೇ ಸಾಕು, ಸೌಂಡ್ ಮಾತ್ರ ಬೇರೆ ತಗೋಬೇಕು. ಗ್ರಾಫಿಕ್ಸ್ ಕಾರ್ಡ್ ಹಾಕೋ ಯೋಚನೆ ಇದ್ರೆ ಕನ್ವರ್ಟರಿಗೆ ದುಡ್ಡು ಸುರೀಬೇಡಿ, ಕಾರ್ಡಲ್ಲೇ ಎಚ್‌ಡಿಎಂಐ ಇರುತ್ತೆ.

ಪ್ರಶ್ನೆ: ನಮ್ಮ ಮದುವೆ 2003ರಲ್ಲಿ. ವಿಡಿಯೋದವ್ರು ಕೊಟ್ಟ ಮಿನಿ ಡಿವಿ ಕ್ಯಾಸೆಟ್ಟುಗಳು ಬೀರುವಿನಲ್ಲಿವೆ, ಸಿಡಿ ಮಾಡಿಸಿದ್ದು ಎಲ್ಲೋ ಹೋಯ್ತು. ನೆಂಟರ ಹತ್ರ ಹಳೇ ಕ್ಯಾಮ್‌ಕಾರ್ಡರ್ ಇದೆ. ಮನೇಲಿರೋ ಹಳೇ ಕಂಪ್ಯೂಟರಲ್ಲಿ ಇದನ್ನ ಎಚ್‌ಡಿ ಮಾಡೋಕಾಗುತ್ತಾ?
— ಗೃಹಿಣಿ, ಶೃಂಗೇರಿ

ಉತ್ತರ: ಎಚ್‌ಡಿ ಆಗಲ್ಲ ಅಮ್ಮ. ಕ್ಯಾಸೆಟ್ಟಲ್ಲಿ ಇರೋದೇ 720 ಗುಣಿಲೆ 576 ಚುಕ್ಕಿ, ನಮ್ಮ ದೇಶದ ಪಾಲ್ ಅನ್ನೋ ಟೀವಿ ಪದ್ಧತಿ. ಇಲ್ದೇ ಇರೋ ವಿವರಾನ ಯಾವ ಸಾಫ್ಟ್‌ವೇರೂ ನಿಜವಾಗಿ ತಂದುಕೊಡಲ್ಲ. ಎಐ ಅಂತ ಹೇಳ್ಕೊಂಡು ಮಾಡ್ಕೊಡೋವ್ರಿದ್ದಾರೆ, ಅದ್ರಲ್ಲಿ ಮುಖಗಳು ಮೇಣ ಹಚ್ಚಿದ ಹಾಗಾಗಿ ನಿಮ್ಮ ಅತ್ತೆ ನಿಮ್ಮ ಅತ್ತೆ ಥರ ಕಾಣಲ್ಲ. ಆದ್ರೆ ಕ್ಯಾಸೆಟ್ಟಲ್ಲಿರೋದನ್ನ ಒಂದು ಚೂರೂ ಕಳ್ಕೊಳ್ದೇ ಕಂಪ್ಯೂಟರಿಗೆ ತರಬಹುದು, ಮತ್ತೆ ಈ ಕೆಲಸಕ್ಕೆ ಹೊಸ ಲ್ಯಾಪ್‌ಟಾಪಿಗಿಂತ ನಿಮ್ಮ ಹಳೇ ಡೆಸ್ಕ್‌ಟಾಪೇ ಸರಿ.

ಯಾಕೆ ಅಂದ್ರೆ ಮಿನಿ ಡಿವಿ ಕ್ಯಾಮೆರಾದಿಂದ ವಿಡಿಯೋ ಹೊರಗೆ ಬರೋದು ಫೈರ್‌ವೈರ್ ಅನ್ನೋ ಪೋರ್ಟಲ್ಲಿ, ಕ್ಯಾಮೆರಾ ಮೇಲೆ ಐ-ಲಿಂಕ್ ಅಥವಾ ಡಿವಿ ಅಂತ ಬರೆದಿರುತ್ತೆ. ಅದೇ ಕ್ಯಾಮೆರಾದ ಯುಎಸ್‌ಬಿಲಿ ಬಹಳಷ್ಟು ಮಾಡೆಲ್‌ಗಳಲ್ಲಿ ಫೋಟೋ ಮಾತ್ರ ಬರುತ್ತೆ, ಇಲ್ಲಾ ಮಬ್ಬು ವಿಡಿಯೋ. ಈಗಿನ ಲ್ಯಾಪ್‌ಟಾಪಲ್ಲಿ ಫೈರ್‌ವೈರ್ ಇಲ್ಲ. ಹಳೇ ಡೆಸ್ಕ್‌ಟಾಪಲ್ಲಿ ಬಿಳೀ ಬಣ್ಣದ ಪಿಸಿಐ ಸ್ಲಾಟ್ ಇರುತ್ತಲ್ಲ, ಅದಕ್ಕೆ ಒಂದು ಹಳೇ ಫೈರ್‌ವೈರ್ ಕಾರ್ಡ್ ಹಾಕಿದ್ರೆ ಆಯ್ತು. ಹಿಂದೆ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತಿದ್ದ ಸ್ಟುಡಿಯೋದವ್ರ ಹತ್ರ ಕೇಳಿ ನೋಡಿ, ಡ್ರಾಯರಲ್ಲಿ ಬಿದ್ದಿರುತ್ತೆ. ವಿಂಡೋಸಲ್ಲಿ ವಿನ್‌ಡಿವಿ, ಲಿನಕ್ಸಲ್ಲಿ (ವಿಂಡೋಸ್ ಬದಲು ಹಾಕೋ ಫ್ರೀ ಆಪರೇಟಿಂಗ್ ಸಿಸ್ಟಮ್) ಡಿವಿಗ್ರ್ಯಾಬ್ ಅಂತ ಪ್ರೋಗ್ರಾಮ್ ಇದೆ. ಕ್ಯಾಸೆಟ್ ಓಡೋ ವೇಗದಲ್ಲೇ ಬರೋದು, ಒಂದು ಗಂಟೆ ಕ್ಯಾಸೆಟ್ಟಿಗೆ ಒಂದು ಗಂಟೆ ಕಾಯ್ಬೇಕು, ಸುಮಾರು 13 ಜಿಬಿ ಜಾಗ ಬೇಕು. ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕ್ ಫ್ಯಾಟ್32 ಅನ್ನೋ ಫಾರ್ಮ್ಯಾಟಲ್ಲಿದ್ರೆ 4 ಜಿಬಿ ದಾಟಿದ ಫೈಲ್ ಅದ್ರಲ್ಲಿ ಕೂರಲ್ಲ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಮಾಡ್ಕೊಳ್ಳಿ.

ನಿಮ್ಮ ಕಡೆ ಮಳೆ ಬಗ್ಗೆ ಹೇಳೋದು ಮರೀಬಾರ್ದು. ಕ್ಯಾಸೆಟ್ಟಿನ ಕಿಟಕೀಲಿ ನೋಡಿ, ಟೇಪಿನ ಅಂಚಲ್ಲಿ ಬಿಳೀ ಪುಡಿ ಥರ ಕಂಡ್ರೆ ಬೂಷ್ಟು. ಅಂಥದ್ದನ್ನ ಕ್ಯಾಮೆರಾಗೆ ಹಾಕ್ಬೇಡಿ, ಹೆಡ್ಡಿಗೆ ಅಂಟಿ ಆಮೇಲೆ ಹಾಕೋ ಒಳ್ಳೇ ಕ್ಯಾಸೆಟ್ಟಿಗೂ ಹತ್ತುತ್ತೆ. ನೆಂಟರ ಕ್ಯಾಮೆರಾ ಬೇರೆ. ಒಳ್ಳೇವನ್ನ ಮೊದ್ಲು ಮುಗಿಸಿ, ಬೂಷ್ಟು ಹಿಡಿದಿದ್ದನ್ನ ಟೇಪ್ ಕ್ಲೀನ್ ಮಾಡೋವ್ರಿಗೇ ಕೊಡಿ. ಒಳ್ಳೇವನ್ನೂ ಮಳೆಗಾಲಕ್ಕೆ ಮುಂಚೆ ಮಾಡಿ ಮುಗಿಸಿ.

ಟೀವೀಲಿ ಹಾಕಿದಾಗ ಯಾರಾದ್ರೂ ಅಲ್ಲಾಡಿದ ಕಡೆ ಬಾಚಣಿಗೆ ಹಲ್ಲಿನಂಥ ಗೆರೆ ಬರುತ್ತೆ, ಅದು ಕ್ಯಾಸೆಟ್ ಹಾಳಾಗಿ ಅಲ್ಲ, ಆಗಿನ ವಿಡಿಯೋ ಇಂಟರ್‌ಲೇಸ್ಡ್ ಆಗಿದ್ದಕ್ಕೆ, ಅಂದ್ರೆ ಒಂದು ಚಿತ್ರಾನ ಸಾಲು ಬಿಟ್ಟು ಸಾಲು ಎರಡು ಭಾಗವಾಗಿ ತೆಗೆದಿದ್ದಕ್ಕೆ. ವಿಎಲ್‌ಸಿಲಿ ವಿಡಿಯೋ ಮೆನುಲಿ ಡಿಇಂಟರ್‌ಲೇಸ್ ಆನ್ ಮಾಡಿ ಹೋಗುತ್ತೆ. ಹಾಗೇ ಟೀವಿ ಚಿತ್ರಾನ ಎಳೆದು ಅಗಲ ಮಾಡಿರುತ್ತೆ, 4:3ಗೆ ಇಡಿ, ಇಲ್ಲಾಂದ್ರೆ ಮದುವೆಗೆ ಬಂದೋರೆಲ್ಲ ಊಟಕ್ಕೆ ಮುಂಚೇನೇ ದಪ್ಪ ಕಾಣ್ತಾರೆ. ಆ 13 ಜಿಬಿ ಒರಿಜಿನಲ್ ಫೈಲ್ ಅಳಿಸ್ಬೇಡಿ, ಮಕ್ಕಳಿಗೆ ಕಳಿಸೋಕೆ ಬೇರೆ ಚಿಕ್ಕ ಕಾಪಿ ಮಾಡ್ಕೊಳ್ಳಿ.

ಪ್ರಶ್ನೆ: ಸರ್, ಐ3 ಏಳನೇ ಜನರೇಶನ್ ಪಿಸಿಗೆ ಕೋಡಿ ಹಾಕಿದೀನಿ. ಎಲ್ಲ ಸ್ಮೂತ್, ಆದ್ರೆ ಕ್ಯಾಮೆರಾ ನಿಧಾನಕ್ಕೆ ಪಕ್ಕಕ್ಕೆ ತಿರುಗೋ ಸೀನಲ್ಲಿ ಒಂಥರ ಜಗ್ಗುತ್ತೆ. ಸ್ಕ್ರೀನಿನ ಅಂಚೂ ಸ್ವಲ್ಪ ಕಟ್ ಆಗುತ್ತೆ. ಪ್ರಾಸೆಸರ್ 10 ಪರ್ಸೆಂಟೂ ಯೂಸ್ ಆಗ್ತಿಲ್ಲ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಪ್ರಾಸೆಸರಿನ ತಪ್ಪಿಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮು, ನಿಮ್ಮ ಪಿಸಿ ಟೀವಿಗೆ ಕಳಿಸ್ತಿರೋದು 60. 24ನ 60ಕ್ಕೆ ಸಮ ಹಂಚೋಕಾಗಲ್ಲ ಅಂತ ಒಂದು ಫ್ರೇಮನ್ನ ಎರಡು ಸಲ, ಇನ್ನೊಂದನ್ನ ಮೂರು ಸಲ ತೋರಿಸುತ್ತೆ, ಆ ಏರುಪೇರೇ ಜಗ್ಗಿದ ಹಾಗೆ ಕಾಣೋದು. ಕೋಡಿ ಸೆಟಿಂಗ್ಸಲ್ಲಿ ಕೆಳಗೆ ಲೆವೆಲ್ ಎಕ್ಸ್‌ಪರ್ಟ್ ಮಾಡಿ, ಪ್ಲೇಯರ್, ವಿಡಿಯೋಸ್, 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಇದೆಯಲ್ಲ ಅದನ್ನ 'ಆನ್ ಸ್ಟಾರ್ಟ್ / ಸ್ಟಾಪ್'ಗೆ ಇಡಿ. ಸಿನಿಮಾ ಶುರುವಾದಾಗ ಟೀವಿ ಒಂದು ಕ್ಷಣ ಕಪ್ಪಾಗಿ 24ಕ್ಕೆ ಹೋಗುತ್ತೆ. ಅಂಚು ಕಟ್ ಆಗೋದಕ್ಕೆ ಪಿಸಿಲಿ ಏನೂ ಮಾಡ್ಬೇಡಿ, ಟೀವಿಯ ಪಿಕ್ಚರ್ ಸೈಜ್ ಮೆನುಲಿ 'ಜಸ್ಟ್ ಸ್ಕ್ಯಾನ್' ಅಥವಾ 'ಸ್ಕ್ರೀನ್ ಫಿಟ್' ಅಂತ ಇರುತ್ತೆ, ಕಂಪನಿಗೊಂದು ಹೆಸರು. ಆ ಎಚ್‌ಡಿಎಂಐ ಇನ್‌ಪುಟ್ಟಿಗೆ ಪಿಸಿ ಅಂತ ಹೆಸರು ಕೊಟ್ರೆ ಕೆಲವು ಟೀವಿ ತಾನೇ ಸರಿ ಮಾಡ್ಕೊಳ್ಳುತ್ತೆ.

ನಿಮ್ಮ ಪಿಸಿಲಿ ಇಂಟೆಲ್ ಗ್ರಾಫಿಕ್ಸ್ ಇರೋದ್ರಿಂದ ವಿಂಡೋಸ್ ತೆಗೆದು ಲಿಬ್ರೆಎಲೆಕ್ ಅನ್ನೋ ಚಿಕ್ಕ ಲಿನಕ್ಸ್ ಹಾಕಿ ನೋಡಿ, ಆನ್ ಮಾಡಿದ ತಕ್ಷಣ ಸೀದಾ ಕೋಡಿನೇ ಬರುತ್ತೆ, ಬೇರೇನೂ ಇರಲ್ಲ. ಇಂಟೆಲ್, ಎಎಂಡಿ ಇದ್ದೋವ್ರಿಗೆ ಇದು ಚೆನ್ನಾಗಿ ಹೊಂದುತ್ತೆ. ಎನ್‌ವಿಡಿಯಾ ಕಾರ್ಡ್ ಹಾಕಿರೋವ್ರಿಗೆ, ಅಂದ್ರೆ ಜಿಟಿ 1030 ಹಾಕಿಸೋ ಸಾಗರದ ಮೇಷ್ಟ್ರಂಥವ್ರಿಗೆ, ವಿಂಡೋಸ್ 10 ವಾಸಿ, ಲಿನಕ್ಸ್ ಕೋಡಿಲಿ ಆ ಕಾರ್ಡಿನ 10 ಬಿಟ್ ಎಚ್‌ಇವಿಸಿ ತಕರಾರು ಮಾಡುತ್ತೆ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ರಿಂದ ಆ ಪಿಸಿನ ಸಿನಿಮಾಕ್ಕೆ ಮಾತ್ರ ಇಟ್ಕೊಳ್ಳಿ, ಬ್ಯಾಂಕು, ಮೇಲು ಅದ್ರಲ್ಲಿ ತೆರೀಬೇಡಿ. ಇಂಟರ್ನೆಟ್ ವೈರೇ ಎಳೆದು ತೆಗೆದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ಹಳೇ ಪಿಸೀಲಿ ದಿನಾ ಸಿನಿಮಾ ನೋಡಿದ್ರೆ ಕರೆಂಟ್ ಬಿಲ್ ಜಾಸ್ತಿ ಬರಲ್ವಾ? ಗೃಹಜ್ಯೋತಿ ಕೈ ತಪ್ಪಿ ಹೋದ್ರೆ ಏನು ಗತಿ. ಇನ್ನೊಂದು, ಕ್ಯಾಬಿನೆಟ್ ಮುಟ್ಟಿದ್ರೆ ಜುಂ ಅನ್ನುತ್ತೆ.
— ಮೈಸೂರಿನ ಓದುಗರು

ಉತ್ತರ: ಎರಡನೇದನ್ನ ಮೊದ್ಲು ನೋಡಿ. ಜುಂ ಅಂದ್ರೆ ಅರ್ಥಿಂಗ್ ಸರಿ ಇಲ್ಲ. ಮೂರು ಪಿನ್ನಿನ ಪ್ಲಗ್ಗನ್ನ ಎರಡು ಪಿನ್ನಿನ ಸಾಕೆಟ್ಟಿಗೆ ಹೇಗೋ ತುರುಕಿರ್ತಾರೆ ಇಲ್ಲಾ ಮನೆ ಅರ್ಥಿಂಗೇ ಒಣಗಿರುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸೋವರೆಗೂ ಅದನ್ನ ಟೀವಿಗೆ ತಗುಲಿಸ್ಬೇಡಿ, ಟೀವಿಯ ಎಚ್‌ಡಿಎಂಐ ಪೋರ್ಟೇ ಸುಟ್ಟು ಹೋಗೋದುಂಟು, ಮನುಷ್ಯರಿಗಂತೂ ಇನ್ನೂ ಅಪಾಯ. ಅರ್ಥಿಂಗ್ ಸರಿ ಇದ್ದೋವ್ರೂ ಎಚ್‌ಡಿಎಂಐ ಹಾಕೋವಾಗ ಎರಡೂ ಕಡೆ ಸ್ವಿಚ್ ಆಫ್ ಮಾಡಿ ಹಾಕಿ.

ಬಿಲ್ ಲೆಕ್ಕ ಹೀಗೆ. ಕೋರ್ 2 ಡ್ಯುಯೊ ಕಾಲದ ಪಿಸಿ ಮಾನಿಟರ್ ಬಿಟ್ಟು 70 ವ್ಯಾಟ್ ಅಂತ ಇಟ್ಕೊಂಡ್ರೆ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 6.3 ಯೂನಿಟ್. ಭಯ ಪಡೋ ಅಂಥದ್ದೇನಲ್ಲ. ಸಿನಿಮಾ ಮುಗಿದ ಮೇಲೂ ಆಫ್ ಮಾಡ್ದೇ ದಿನಪೂರ್ತಿ ಬಿಟ್ರೆ ತಿಂಗಳಿಗೆ 50 ಯೂನಿಟ್ ಆಗುತ್ತೆ, ಆಗ ನಿಮ್ಮ ಗೃಹಜ್ಯೋತಿ ಲೆಕ್ಕ ಖಂಡಿತ ಕೆಡಬಹುದು.

ಪ್ರಶ್ನೆ: ಸಬ್‌ಟೈಟಲ್ ಕನ್ನಡದಲ್ಲಿ ನಾನೇ ಟೈಪ್ ಮಾಡಿ ಎಸ್‌ಆರ್‌ಟಿ ಫೈಲ್ ಮಾಡಿದೀನಿ, ನಮ್ಮಜ್ಜಿಗೆ ಹಿಂದಿ ಸಿನಿಮಾ ಅರ್ಥ ಆಗ್ಲಿ ಅಂತ. ಟೀವೀಲಿ ಏನೇನೋ ಇಂಗ್ಲಿಷ್ ಚಿಹ್ನೆ ಬರುತ್ತೆ.
— ಪಿಯುಸಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಭೇಷ್ ಕಣಮ್ಮ. ನೀನು ನುಡಿ ಅಥವಾ ಬರಹದ ಹಳೇ ಫಾಂಟಲ್ಲಿ ಟೈಪ್ ಮಾಡಿದೀಯ ಅನ್ಸುತ್ತೆ. ಅದ್ರಲ್ಲಿ ಒಳಗೆ ಇರೋದು ಇಂಗ್ಲಿಷ್ ಅಕ್ಷರದ ಕೋಡೇ, ಆ ಫಾಂಟ್ ಹಾಕಿದ್ರೆ ಮಾತ್ರ ಕನ್ನಡವಾಗಿ ಕಾಣೋದು. ಯೂನಿಕೋಡಿಗೆ ಬದಲಾಯಿಸೋ ಕನ್ವರ್ಟರ್‌ಗಳು ಫ್ರೀ ಸಿಗುತ್ವೆ, ಬದಲಾಯಿಸಿ ನೋಟ್‌ಪ್ಯಾಡಲ್ಲಿ ಸೇವ್ ಮಾಡೋವಾಗ ಎನ್‌ಕೋಡಿಂಗ್ ಯುಟಿಎಫ್-8 ಆರಿಸು. ಅದಾದ್ಮೇಲೂ ಚೌಕ ಚೌಕ ಬಂದ್ರೆ ವಿಎಲ್‌ಸಿಯ ಸಬ್‌ಟೈಟಲ್ ಸೆಟಿಂಗಲ್ಲಿ ಫಾಂಟ್ ನೋಟೊ ಸ್ಯಾನ್ಸ್ ಕನ್ನಡ ಇಡು. ಅಕ್ಷರ ದೊಡ್ಡದು ಮಾಡು, ಒಂದ್ಸಲಕ್ಕೆ ಎರಡು ಸಾಲು ದಾಟಬೇಡ, ಅಜ್ಜಿ ಓದ್ಬೇಕಲ್ಲ.

ಪ್ರಶ್ನೆ: ಇದ್ರಲ್ಲೇ ಓಟಿಟಿ ಎಲ್ಲ ಎಚ್‌ಡಿಲಿ ನೋಡಬಹುದಾ?
— ತುಮಕೂರು

ಉತ್ತರ: ಅದಕ್ಕೆ ಟೀವಿಯ ಎಚ್‌ಡಿಎಂಐಗೆ ಹಾಕೋ ಒಂದು ಸ್ಟ್ರೀಮಿಂಗ್ ಸ್ಟಿಕ್ ತಗೊಳ್ಳಿ. ಓಟಿಟಿಯವ್ರು ಕಾಪಿ ಆಗದಿರ್ಲಿ ಅಂತ ಹಾಕಿರೋ ಬೀಗಗಳಿಂದ ಹಳೇ ಪಿಸಿಗೆ, ಅದ್ರಲ್ಲೂ ಲಿನಕ್ಸಿಗೆ, ಕಡಿಮೆ ಕ್ವಾಲಿಟಿನೇ ಬಿಡೋದು ಜಾಸ್ತಿ. ಯೂಟ್ಯೂಬ್ ಮಾತ್ರ ಬೇಕು ಅಂದ್ರೆ ಬ್ರೌಸರಿಗೆ ಎಚ್264ಇಫೈ ಅನ್ನೋ ಎಕ್ಸ್‌ಟೆನ್ಷನ್ ಹಾಕಿ, ಅದು ಯೂಟ್ಯೂಬಿಂದ ಹಳೇ ಎಚ್.264 ವಿಡಿಯೋನೇ ಕೇಳಿ ತರಿಸುತ್ತೆ, 1080ಪಿವರೆಗೂ ಸಿಗುತ್ತೆ.

ಪ್ರಶ್ನೆ: ನನ್ನ ಹತ್ರ ಕೋರ್ 2 ಡ್ಯುಯೊ ಪಿಸಿ ಇದೆ, ಆಂಡ್ರಾಯ್ಡ್ ಟೀವಿ ಇದೆ, ಕಾರ್ಡ್ ತಗೊಳ್ಳೋಕೆ ದುಡ್ಡಿಲ್ಲ. ಫೈಲ್ ಎಲ್ಲ ಎಚ್‌ಇವಿಸಿ. ಏನಾದ್ರೂ ದಾರಿ ಇದ್ಯಾ ಅಣ್ಣಾ?
— ಡಿಪ್ಲೊಮಾ ವಿದ್ಯಾರ್ಥಿ, ಕೋಲಾರ

ಉತ್ತರ: ಇದೆ ತಮ್ಮಾ, ಮತ್ತೆ ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಚೆನ್ನಾಗಿರೋ ದಾರಿ. ವಿಡಿಯೋ ಬಿಚ್ಚೋ ಕೆಲಸ ಪಿಸಿಗೆ ಯಾಕೆ ಕೊಡ್ತೀಯ, ನಿನ್ನ ಟೀವಿಯ ಚಿಪ್ಪಿಗೇ ಎಚ್‌ಇವಿಸಿ ಬಂದಿರುತ್ತೆ. ಪಿಸಿಗೆ ಲಿನಕ್ಸ್ ಹಾಕಿ ಅದ್ರ ಮೇಲೆ ಜೆಲ್ಲಿಫಿನ್ ಸರ್ವರ್ ಹಾಕು, ಪಿಸಿಲಿರೋ ಸಿನಿಮಾನ ಮನೆ ನೆಟ್‌ವರ್ಕಲ್ಲಿ ಟೀವಿಗೆ ಕೊಡೋ ಪ್ರೋಗ್ರಾಮ್ ಅದು, ಪೂರ್ತಿ ಫ್ರೀ. ಟೀವೀಲಿ ಜೆಲ್ಲಿಫಿನ್ ಆ್ಯಪ್ ಹಾಕು. ಪಿಸಿ ಫೈಲನ್ನ ಇದ್ದ ಹಾಗೇ ನೆಟ್‌ವರ್ಕಲ್ಲಿ ಕಳಿಸುತ್ತೆ ಅಷ್ಟೆ, ಆ ಕೆಲಸಕ್ಕೆ ಕೋರ್ 2 ಡ್ಯುಯೊ ಧಾರಾಳ ಸಾಕು. ಒಂದೇ ಒಂದು ಎಚ್ಚರ, ಡ್ಯಾಶ್‌ಬೋರ್ಡಲ್ಲಿ ನಿನ್ನ ಯೂಸರ್ ಹೆಸರೊಳಗೆ ಹೋಗಿ ವಿಡಿಯೋ ಟ್ರಾನ್ಸ್‌ಕೋಡಿಂಗಿಗೆ ಅನುಮತಿ ಅಂತ ಇರೋ ಟಿಕ್ ತೆಗೆದುಬಿಡು. ಇಲ್ಲಾಂದ್ರೆ ಸಬ್‌ಟೈಟಲ್ ಒಂದು ಹೊಂದಲಿಲ್ಲ ಅಂದ್ರೂ ಸರ್ವರ್ ತಾನೇ ವಿಡಿಯೋ ಮತ್ತೆ ಎನ್‌ಕೋಡ್ ಮಾಡೋಕೆ ಹೊರಟು ಪಿಸಿ ಕುಸಿದು ಕೂರುತ್ತೆ.

ಪಿಸಿಯಿಂದ ರೂಟರಿಗೆ ಲ್ಯಾನ್ ವೈರೇ ಎಳಿ. ಹಳೇ ಬೋರ್ಡಿನ ಲ್ಯಾನ್ ಬರೀ 100 ಎಂಬಿಪಿಎಸ್ ಆಗಿದ್ರೂ ಚಿಂತೆ ಇಲ್ಲ, ಫುಲ್ ಎಚ್‌ಡಿ ಬ್ಲೂ-ರೇ ಡಿಸ್ಕಿನ ವಿಡಿಯೋ ಹೆಚ್ಚಂದ್ರೆ 40 ಎಂಬಿಪಿಎಸ್. ಟೀವಿ ವೈಫೈಲಿದ್ರೆ 5 ಗಿಗಾಹರ್ಟ್ಸಿಗೆ ಹಾಕು, 2.4ರಲ್ಲಿ ಅಕ್ಕಪಕ್ಕದ ಮನೆಯವ್ರೆಲ್ಲ ಇರ್ತಾರೆ. ಪಿಸಿಗೆ ಮಾನಿಟರು, ಕೀಬೋರ್ಡು ಬೇಡ, ಸದ್ದು ಕೇಳ್ದೇ ಇರೋ ಮೂಲೇಲಿಟ್ಟು ಗಾಳಿ ಆಡೋ ಹಾಗೆ ನೋಡ್ಕೋ, ಅಟ್ಟದ ಮೇಲೆ ಮಾತ್ರ ಬೇಡ, ಬೇಸಿಗೇಲಿ ಅಲ್ಲಿ ಕಾದು ಹೋಗುತ್ತೆ. ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗ್ಲಿ ಅಂದ್ರೆ ಬಯಾಸಲ್ಲಿ (ಬೋರ್ಡಿನ ಸ್ವಂತ ಸೆಟಿಂಗ್ಸ್ ಪರದೆ) ಪವರ್ ಮ್ಯಾನೇಜ್‌ಮೆಂಟ್ ಒಳಗೆ 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಂತ ಇರುತ್ತೆ, ಆನ್ ಮಾಡು. ಕೀಬೋರ್ಡ್ ಇಲ್ಲ ಅಂತ ಬೂಟ್ ಆಗ್ದೇ ನಿಂತ್ರೆ ಅದೇ ಬಯಾಸಲ್ಲಿ 'ಹಾಲ್ಟ್ ಆನ್' ಹುಡುಕಿ 'ನೋ ಎರರ್ಸ್'ಗೆ ಇಡು.